ಕವಳ ಬಿಟ್ಟ ಬಾಯಿಗೆ ಗಂಜಿ

ಅಡಿಕೆಯ ಲೆಕ್ಕ ಬರೆಯುವ ಕೈಯಿಂದಲೇ ಇದನ್ನೂ ಬರೆಯಬೇಕಾಗಿದೆ. ಎರಡು ವರ್ಷದ ಹಿಂದೆ ನಮ್ಮ ಕೆನ್ನೆಯೊಳಗಿನ ಹುಣ್ಣು ಕ್ಯಾನ್ಸರೆಂದು ತಿಳಿಯಿತು. ಮೂವತ್ತು ವರ್ಷ ಕವಳ ಒತ್ತರಿಸಿಟ್ಟ ಜಾಗವದು. ಹೊಗೆಸೊಪ್ಪು ಮುಟ್ಟಿದವರಲ್ಲ ಎಂಬ ಧೈರ್ಯ ನಮಗಿತ್ತು. ಆದರೆ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಬೆಳೆಗಾರರ ಕಿವಿಗೆ ಹಿತವಾದ ಮಾತಲ್ಲ, ನಿಜ.

ವಿಕಿರಣ ಚಿಕಿತ್ಸೆಯ ಮೂರನೆಯ ವಾರಕ್ಕೆ ಬಾಯೆಲ್ಲ ಹುಣ್ಣು. ಸಾರಿನ ಹುಳಿಯೂ ಉರಿಯುತ್ತಿತ್ತು. ನೋಡಲು ಬಂದವರೆಲ್ಲ ಪಥ್ಯ ಹೇಳಿದರು: ಹಾಲು ಬಿಡಿ, ಉಪವಾಸ ಮಾಡಿ. (ಹೇಳಿದವರು ನಮ್ಮಲ್ಲೇ ಹೊಟ್ಟೆತುಂಬ ಉಂಡು ಹೋದರು!) ವೈದ್ಯರ ಮಾತು ತದ್ವಿರುದ್ಧ: ತೂಕ ಇಳಿಯಬಾರದು, ಮೈ ಸೋತರೆ ಚಿಕಿತ್ಸೆ ತಾಳಿಕೊಳ್ಳುವುದು ಕಷ್ಟ. ಎರಡು ಗಂಟೆಗೊಮ್ಮೆ ಸ್ವಲ್ಪಸ್ವಲ್ಪವೇ ತುಪ್ಪದ ಗಂಜಿ, ಆರಿದ ರಾಗಿ ಅಂಬಲಿ, ನುಣ್ಣಗೆ ಬೆಂದ ಹೆಸರುಬೇಳೆ, ಕಿವುಚಿದ ಮೊಸರನ್ನ. ತಿನ್ನುವವರಿಗೆ ಮೊಟ್ಟೆಯೂ ಒಳ್ಳೆಯದು.

ಕಾಫಿ? ಅದೇ ಸಂಸ್ಥೆ 2016ರಲ್ಲಿ ಕಾಫಿಯನ್ನು ಶಂಕಿತರ ಪಟ್ಟಿಯಿಂದ ತೆಗೆಯಿತು. 65 ಡಿಗ್ರಿ ಮೀರಿದ ಸುಡುಬಿಸಿ ಪಾನೀಯಗಳ ಮೇಲೆ ಮಾತ್ರ ಅನುಮಾನ ಉಳಿಸಿಕೊಂಡಿದೆ. ನಾವೀಗ ಆರಲು ಬಿಟ್ಟು ಕುಡಿಯುತ್ತೇವೆ. ಕವಳದ ತಟ್ಟೆ ಅಟ್ಟ ಸೇರಿದೆ.

ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಮಚ್ಚೆ, ಬಾಯಿ ಅಗಲಿಸಲು ಬಿಗಿತ ಇದ್ದವರು ಕೊಯ್ಲು ಮುಗಿಯಲೆಂದು ಕಾಯದೆ ವೈದ್ಯರಿಗೆ ತೋರಿಸಿ.