ಗಂಡು-ಗಂಡಿನ ಪ್ರೇಮಕ್ಕೆ ಸುಖಾಂತ್ಯವಿಲ್ಲವೇ?

ಪ್ರಶ್ನೆ: ಗಂಡಸರಿಬ್ಬರ ಪ್ರೇಮಕಥೆಗಳು ಕನ್ನಡದಲ್ಲಿವೆಯೇ? ಅವು ಸುಖವಾಗಿ ಮುಗಿಯುವುದು ಯಾಕೆ ಇಷ್ಟು ಕಷ್ಟ?
– ಓದುಗರು, ಸಿರುಗುಪ್ಪ

ಉತ್ತರ: ಇವೆ, ಅದೂ ನಿಮ್ಮ ಬಳ್ಳಾರಿ ಜಿಲ್ಲೆಯವರೇ ಬರೆದದ್ದು. ಸಂಡೂರಿನ ವಸುಧೇಂದ್ರರ ಕಥಾಸಂಕಲನ ‘ಮೋಹನಸ್ವಾಮಿ’ 2013ರಲ್ಲಿ ಬಂತು. ಅದೇ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸಲಿಂಗಕಾಮವನ್ನು ಅಪರಾಧವೆನ್ನುವ 377ನೇ ಕಲಮಿಗೆ ಮರುಜೀವ ಕೊಟ್ಟಿತು. ಇಂಥ ಪ್ರೇಮ ಅಪರಾಧವಲ್ಲ ಎನಿಸಿಕೊಳ್ಳಲು 2018ರ ಸೆಪ್ಟೆಂಬರ್ 6ರವರೆಗೆ ಕಾಯಬೇಕಾಯಿತು. ಮದುವೆಗಂತೂ ಇಂದಿಗೂ ಕಾನೂನಿನ ಮಾನ್ಯತೆಯಿಲ್ಲ. ಅಂದಮೇಲೆ ಕಥೆಗಾರ ಸುಖಾಂತ್ಯವನ್ನು ಸುಮ್ಮನೆ ಕೈಗಿಟ್ಟರೆ ನಂಬುವವರು ಯಾರು?

ಆ ಸಂಕಲನದ ‘ಕಗ್ಗಂಟು’ ಕಥೆ ಓದಿ. ಜೊತೆಗೆ ಬಾಳಿದ ಕಾರ್ತೀಕ್ ಹೆಣ್ಣನ್ನು ಮದುವೆಯಾಗಲು ಹೊರಡುತ್ತಾನೆ, ಕಥಾನಾಯಕ ಮೋಹನಸ್ವಾಮಿ ಒಂಟಿಯಾಗುತ್ತಾನೆ. ಎದೆ ಹಿಂಡುವ ಕಥೆ. ಆದರೆ ಅವನು ಅಲ್ಲಿಗೇ ಮುಗಿದುಹೋಗುವುದಿಲ್ಲ. ಸಂಕಲನದ ಕೊನೆಯ ಕಥೆಯಲ್ಲಿ ಕಿಲಿಮಂಜಾರೋ ಪರ್ವತ ಹತ್ತಲು ಹೊರಡುತ್ತಾನೆ. ಸಂಗಾತಿ ಸಿಗುವುದಕ್ಕಿಂತ ದೊಡ್ಡ ಗೆಲುವು ಅದು ಎಂದೇ ನನ್ನ ಭಾವನೆ.