ಹೆಗಲ ಕ್ಯಾಮೆರಾ, ಜೇಬಿನ ಕ್ಯಾಮೆರಾ: ತಪ್ಪು ಕಲ್ಪನೆ ಮತ್ತು ಸತ್ಯ

ಲಗ್ನದ ದಿನಗಳು ಶುರುವಾದರೆ ಬೆಂಗಳೂರಿನ ಕೆಂಗೇರಿ ಉಪನಗರದ ಸುತ್ತ, ಮೈಸೂರು ರಸ್ತೆಯುದ್ದಕ್ಕೂ ಇರುವ ಕಲ್ಯಾಣ ಮಂಟಪಗಳಿಗೆ ಬಿಡುವಿಲ್ಲ. ಅಲ್ಲಿ ಫೋಟೊಗ್ರಾಫರ್‌ಗೆ ಸಿಗುವ ಮರ್ಯಾದೆ ಬಹುಪಾಲು ಕ್ಯಾಮೆರಾದ ಗಾತ್ರ ನೋಡಿ ಸಿಗುವಂಥದ್ದು. ದಪ್ಪ ಲೆನ್ಸ್ ಹೊತ್ತವರಿಗೆ ಜನ ತಾವಾಗಿಯೇ ದಾರಿ ಬಿಡುತ್ತಾರೆ. ಅಂಗೈಯಲ್ಲಿ ಅಡಗುವ ಕ್ಯಾಮೆರಾ ಹಿಡಿದವರಿಗೆ "ಸ್ವಲ್ಪ ಸರೀರಿ, ಫೋಟೊದವರು ಬರ್ಲಿ" ಎಂಬ ಮಾತು ಸಿಗುತ್ತದೆ.

ಇದೇ ಅಳತೆಗೋಲು ಹಿಡಿದು ಅಂಗಡಿಗೆ ಹೋದಾಗ ಪೆಟ್ಟು ಬೀಳುವುದು ಜೇಬಿಗೆ. ಮದುವೆ ಫೋಟೊ ತೆಗೆದು ಬದುಕು ಕಟ್ಟಿಕೊಳ್ಳಲು ಹೊರಟ ಹುಡುಗರು ಕಂತಿನ ಮೇಲೆ ಎರಡು ಲಕ್ಷದ ಬಾಡಿ ತಂದು, ಒಳ್ಳೆಯ ಲೆನ್ಸಿಗೆ ಹಣವಿಲ್ಲದೆ ಉಳಿಯುತ್ತಾರೆ. ಮಕ್ಕಳ ಫೋಟೊಗೆಂದು, ಪ್ರವಾಸಕ್ಕೆಂದು ದೊಡ್ಡ ಮಿರರ್‌ಲೆಸ್ ಕೊಂಡ ಮನೆಗಳಲ್ಲಿ ಅದು ಭಾರವೆಂಬ ಒಂದೇ ಕಾರಣಕ್ಕೆ ಬೀರುವಿನಲ್ಲಿ ಉಳಿಯುತ್ತದೆ. ಲೆನ್ಸ್ ಬದಲಿಸಬಹುದಾದ ಮಿರರ್‌ಲೆಸ್ ಮತ್ತು ಜೇಬಿಗೆ ಹಿಡಿಸುವ ಕಂಪ್ಯಾಕ್ಟ್, ಈ ಎರಡು ಬಗೆಯ ಕ್ಯಾಮೆರಾಗಳ ನಡುವೆ ವ್ಯತ್ಯಾಸ ಇಲ್ಲವೆಂದಲ್ಲ, ಖಂಡಿತ ಇದೆ. ಆದರೆ ಅದು ಎಲ್ಲ ಫೋಟೊಗಳಲ್ಲೂ ಕಾಣುವುದಿಲ್ಲ, ಕೆಲವು ನಿರ್ದಿಷ್ಟ ಸಂದರ್ಭಗಳಲ್ಲಿ ಮಾತ್ರ ಕಾಣುತ್ತದೆ. ಆ ಸಂದರ್ಭಗಳು ಯಾವುವು ಎಂದು ತಿಳಿದವರು ಹಣ ಕಳೆದುಕೊಳ್ಳುವುದಿಲ್ಲ.

ತಪ್ಪು ಕಲ್ಪನೆ 1: ಕ್ಯಾಮೆರಾ ದೊಡ್ಡದಾದಷ್ಟೂ ಫೋಟೊ ಚೆನ್ನಾಗಿ ಬರುತ್ತದೆ

ಸತ್ಯ: ನೋಡಬೇಕಾದದ್ದು ಹೊರಗಿನ ಗಾತ್ರವನ್ನಲ್ಲ, ಒಳಗಿನ ಸೆನ್ಸರ್ ಗಾತ್ರವನ್ನು. ಬೆಳಕು ಬಿದ್ದು ಚಿತ್ರವಾಗುವ ಚಿಪ್ ಅದೇ. ಫುಲ್‌ಫ್ರೇಮ್ ಮಿರರ್‌ಲೆಸ್‌ನಲ್ಲಿ ಅದರ ಅಳತೆ ಸುಮಾರು 36×24 ಮಿಲಿಮೀಟರ್. ಎಪಿಎಸ್-ಸಿ ಮಾದರಿಯದು ಸುಮಾರು 23.5×15.6. ಸೋನಿ ಆರ್‌ಎಕ್ಸ್100 ತರಹದ ಉತ್ತಮ ಕಂಪ್ಯಾಕ್ಟ್‌ಗಳಲ್ಲಿ ಇರುವ, ಒಂದಿಂಚಿನದು ಎಂದು ಹೆಸರಾದ ಸೆನ್ಸರ್ 13.2×8.8. ಅಗ್ಗದ ಕಂಪ್ಯಾಕ್ಟ್‌ಗಳದು ಸುಮಾರು 6.2×4.6, ಅಂದರೆ ಒಂದು ಕಡಲೆಬೇಳೆಯಷ್ಟು.

ಹೊರಗಿನ ಗಾತ್ರಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ. 2018ರಲ್ಲಿ ಬಂದ ನಿಕಾನ್ ಪಿ1000 ಕ್ಯಾಮೆರಾ 1.4 ಕಿಲೋ ತೂಗುತ್ತದೆ, ನೋಡಿದರೆ ವೃತ್ತಿಪರರ ಸಾಮಾನಿನಂತೆಯೇ ಕಾಣುತ್ತದೆ. ಆದರೆ ಅದರೊಳಗಿರುವುದು ಆ ಕಡಲೆಬೇಳೆ ಗಾತ್ರದ ಸೆನ್ಸರ್. 2019ರ ರಿಕೋ ಜಿಆರ್ 3 ಬ್ಯಾಟರಿ, ಕಾರ್ಡ್ ಸೇರಿ 257 ಗ್ರಾಂ ಮಾತ್ರ, ಪ್ಯಾಂಟಿನ ಜೇಬಿನಲ್ಲಿ ಕೂರುತ್ತದೆ. ಅದರ ಸೆನ್ಸರ್ ಮಾತ್ರ ಸೋನಿ ಎ6400, ನಿಕಾನ್ ಝಡ್50 ಮಿರರ್‌ಲೆಸ್‌ಗಳಲ್ಲಿ ಇರುವಷ್ಟೇ ದೊಡ್ಡದು. ಸೋನಿ 2012ರಲ್ಲೇ ಆರ್‌ಎಕ್ಸ್1 ಎಂಬ, ಅರ್ಧ ಕಿಲೋಗಿಂತ ಹಗುರವಾದ ಕಂಪ್ಯಾಕ್ಟ್‌ನಲ್ಲಿ ಫುಲ್‌ಫ್ರೇಮ್ ಸೆನ್ಸರ್ ಕೂರಿಸಿತ್ತು.

ತಪ್ಪು ಕಲ್ಪನೆ 2: ಮೆಗಾಪಿಕ್ಸೆಲ್ ಹೆಚ್ಚಿದ್ದರೆ ಕ್ಯಾಮೆರಾ ಮೇಲು

ಸತ್ಯ: 2020ರಲ್ಲಿ ಬಂದ ಸೋನಿ ಎ7ಎಸ್ 3 ವೃತ್ತಿಪರರ ಫುಲ್‌ಫ್ರೇಮ್ ಕ್ಯಾಮೆರಾ. ಅದರಲ್ಲಿರುವುದು 12 ಮೆಗಾಪಿಕ್ಸೆಲ್. ಅದೇ ಕಂಪನಿಯ ಜೇಬಿನ ಆರ್‌ಎಕ್ಸ್100ರಲ್ಲಿ 20. ಬೆಲೆಯಲ್ಲಿ ಮೊದಲನೆಯದೇ ಬಹಳ ಮೇಲೆ. ಕತ್ತಲಲ್ಲಿ ವಿಡಿಯೊ ತೆಗೆಯುವವರಿಗೆಂದೇ ಅದನ್ನು ಮಾಡಲಾಗಿದೆ, ಅಲ್ಲಿ ಪಿಕ್ಸೆಲ್‌ಗಳ ಸಂಖ್ಯೆಗಿಂತ ಒಂದೊಂದು ಪಿಕ್ಸೆಲ್‌ನ ಗಾತ್ರಕ್ಕೆ ಬೆಲೆ ಹೆಚ್ಚು.

ಎಷ್ಟು ಪಿಕ್ಸೆಲ್ ಬೇಕು ಎಂಬುದಕ್ಕೆ ಮದುವೆ ಆಲ್ಬಮ್ಮೇ ಲೆಕ್ಕ ಕೊಡುತ್ತದೆ. ಈಗ ಹೆಚ್ಚಾಗಿ ಮಾಡಿಸುವ 12×36 ಇಂಚಿನ ಆಲ್ಬಮ್ ಬಿಡಿಸಿದರೆ ಒಂದೊಂದು ಪುಟ 12×18 ಇಂಚು. ಇಂಚಿಗೆ 300 ಚುಕ್ಕಿಯಂತೆ ಮುದ್ರಿಸಲು 3600×5400 ಪಿಕ್ಸೆಲ್ ಸಾಕು. 20 ಮೆಗಾಪಿಕ್ಸೆಲ್ ಕಂಪ್ಯಾಕ್ಟ್ ಕೊಡುವುದು 3648×5472. ಒಂದು ಪುಟ ತುಂಬಿಸಲು ಜೇಬಿನ ಕ್ಯಾಮೆರಾದ ಪಿಕ್ಸೆಲ್ ಸಾಲುತ್ತದೆ. ಸಾಲದೆ ಬರುವುದು ಬೇರೆ ಕಡೆ.

ತಪ್ಪು ಕಲ್ಪನೆ 3: ಎರಡರಲ್ಲೂ ಎಫ್/2.8 ಇದ್ದರೆ ಎರಡೂ ಒಂದೇ

ಸತ್ಯ: ಜನ ಅತಿ ಹೆಚ್ಚು ಮೋಸಹೋಗುವುದು ಇಲ್ಲೇ. ಮಂಟಪದೊಳಗೆ ಧಾರೆ ನಡೆಯುತ್ತಿದೆ ಎಂದುಕೊಳ್ಳಿ. ಎರಡೂ ಕ್ಯಾಮೆರಾಗಳಲ್ಲಿ ಅಪರ್ಚರನ್ನು, ಅಂದರೆ ಲೆನ್ಸಿನ ಕಂಡಿಯನ್ನು, ಎಫ್/2.8ಕ್ಕೆ, ಶಟರನ್ನು ಸೆಕೆಂಡಿನ 125ನೇ ಒಂದು ಭಾಗಕ್ಕೆ, ಬೆಳಕಿನ ಸಂವೇದನೆ ಸೂಚಿಸುವ ಐಎಸ್‌ಒ ಅನ್ನು 3200ಕ್ಕೆ ಇಟ್ಟರೆ ಎರಡು ಫೋಟೊಗಳೂ ಒಂದೇ ಸಮ ಬೆಳಗಿರುತ್ತವೆ. ಆದರೆ ಫುಲ್‌ಫ್ರೇಮ್ ಸೆನ್ಸರಿನ ವಿಸ್ತೀರ್ಣ ಒಂದಿಂಚಿನದರ ಸುಮಾರು ಏಳೂವರೆ ಪಟ್ಟು. ಒಟ್ಟು ಸೇರಿದ ಬೆಳಕೂ ಅಷ್ಟೇ ಪಟ್ಟು ಹೆಚ್ಚು. ಹಾಗಾಗಿ ಕಂಪ್ಯಾಕ್ಟ್‌ನ ಫೋಟೊದಲ್ಲಿ ಕಾಳುಕಾಳಾದ ನಾಯ್ಸ್, ಫುಲ್‌ಫ್ರೇಮ್ ಕ್ಯಾಮೆರಾವನ್ನು ಐಎಸ್‌ಒ 24,000ದ ಆಸುಪಾಸಿಗೆ ಏರಿಸಿದಾಗ ಬರುವಷ್ಟು ಇರುತ್ತದೆ. ಮದುಮಗಳ ಕಪ್ಪು ಜಡೆಯಲ್ಲಿ, ಮೈಸೂರು ಸಿಲ್ಕ್ ಸೀರೆಯ ಗಾಢ ಬಣ್ಣದಲ್ಲಿ ಅದು ಮೊದಲು ಕಣ್ಣಿಗೆ ಬೀಳುತ್ತದೆ. ಹಿನ್ನೆಲೆ ಮಸುಕಾಗುವ ವಿಷಯದಲ್ಲೂ ಹೀಗೆಯೇ. ಒಂದಿಂಚಿನ ಸೆನ್ಸರಿನ ಎಫ್/2.8, ಫುಲ್‌ಫ್ರೇಮ್‌ನಲ್ಲಿ ಎಫ್/7.6 ಇಟ್ಟಷ್ಟು ಮಾತ್ರ ಹಿಂದಿನದನ್ನು ಮಸುಕು ಮಾಡುತ್ತದೆ.

ಇಲ್ಲಿಗೆ ದೊಡ್ಡ ಕ್ಯಾಮೆರಾ ಗೆದ್ದಿತು ಎನ್ನುವಂತಿಲ್ಲ. ಊಟಕ್ಕೆ ಮುಂಚೆ ಬಂಧುಗಳನ್ನು ಮೂರು ಸಾಲಿನಲ್ಲಿ ನಿಲ್ಲಿಸಿ ಗ್ರೂಪ್ ಫೋಟೊ ತೆಗೆಯುತ್ತಾರೆ. ಮುಂದೆ ಕೂತ ಮೊಮ್ಮಕ್ಕಳಿಂದ ಹಿಂದೆ ನಿಂತ ಚಿಕ್ಕಪ್ಪನವರೆಗೆ ಎಲ್ಲರ ಮುಖವೂ ಸ್ಪಷ್ಟವಾಗಿರಬೇಕು. ಅದಕ್ಕೆ ಫುಲ್‌ಫ್ರೇಮ್‌ನವರು ಅಪರ್ಚರನ್ನು ಎಫ್/8ಕ್ಕೆ ಇಳಿಸಬೇಕು, ಆಗ ಒಳಬರುವ ಬೆಳಕು ಕಡಿಮೆಯಾಗಿ ಐಎಸ್‌ಒ ಏರಿಸಬೇಕು. ಅಷ್ಟರಲ್ಲಿ ದೊಡ್ಡ ಸೆನ್ಸರಿನಿಂದ ಬಂದ ಲಾಭವೆಲ್ಲ ಖರ್ಚಾಗಿರುತ್ತದೆ. ಕಂಪ್ಯಾಕ್ಟ್ ಎಫ್/2.8ರಲ್ಲೇ ಮೂರೂ ಸಾಲನ್ನು ಹಿಡಿದುಕೊಡುತ್ತದೆ.

ಇನ್ನೊಂದು ಉದಾಹರಣೆಗೆ ಕೆಂಗೇರಿ ದಾಟಿ ರಾಮೋಹಳ್ಳಿ ಕಡೆಗೆ ಹೋಗಬೇಕು. ಕೇತೋಹಳ್ಳಿಯ ದೊಡ್ಡ ಆಲದ ಮರ ಸುಮಾರು ಮೂರು ಎಕರೆ ಹರಡಿದೆ. ಬಿಳಲುಗಳ ನಡುವೆ ನಡುಮಧ್ಯಾಹ್ನವೂ ಮಬ್ಬು. ಅಲ್ಲಿ ಜೇಬಿನ ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಐಎಸ್‌ಒ 125ರಲ್ಲಿ, ಶಟರನ್ನು ಅರ್ಧ ಸೆಕೆಂಡು ತೆರೆದಿಟ್ಟರೆ ಒಂದೊಂದು ಬಿಳಲಿನ ತೊಗಟೆಯೂ ನಿಚ್ಚಳವಾಗಿ ಬರುತ್ತದೆ. ಬಿಳಲು ಅಲುಗುವುದಿಲ್ಲ, ಬೆಳಕು ಸೇರಲು ಕಾಯಬಹುದು. ಅದೇ ನೆರಳಿನಲ್ಲಿ ಕೊಂಬೆಯಿಂದ ಕೊಂಬೆಗೆ ಹಾರುವ ಕೋತಿಯನ್ನು ಹಿಡಿಯಬೇಕೆಂದರೆ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದ ಶಟರ್ ಬೇಕು, ಅಲ್ಲಿ ಪುಟ್ಟ ಸೆನ್ಸರ್ ಸೋಲುತ್ತದೆ. ಮಬ್ಬು ಬೆಳಕೊಂದೇ ದೊಡ್ಡ ಕ್ಯಾಮೆರಾ ಕೊಳ್ಳಲು ಕಾರಣವಾಗದು. ಮಬ್ಬು ಬೆಳಕಿನಲ್ಲಿ ಚಲಿಸುವ ವಸ್ತು ಕಾರಣವಾಗುತ್ತದೆ.

ತಪ್ಪು ಕಲ್ಪನೆ 4: ಮಿರರ್‌ಲೆಸ್ ಎಂದರೆ ಹಗುರ

ಸತ್ಯ: 2008ರಲ್ಲಿ ಪ್ಯಾನಸೋನಿಕ್ ಜಿ1 ಬಂದಾಗಿನಿಂದ ಈ ಮಾತು ಚಾಲ್ತಿಯಲ್ಲಿದೆ. ಡಿಎಸ್‌ಎಲ್‌ಆರ್‌ನಲ್ಲಿದ್ದ ಕನ್ನಡಿಯನ್ನು ತೆಗೆದಿದ್ದರಿಂದ ಬಾಡಿ ತೆಳುವಾಯಿತು, ನಿಜ. ಆದರೆ ಫುಲ್‌ಫ್ರೇಮ್ ಸೆನ್ಸರನ್ನು ತುಂಬಬೇಕಾದ ಗಾಜಿಗೆ ಆ ರಿಯಾಯಿತಿ ಇಲ್ಲ. ಸೋನಿ ಎ7 4 ಬ್ಯಾಟರಿ ಸೇರಿ 658 ಗ್ರಾಂ. ವೃತ್ತಿಪರರು ಅದಕ್ಕೆ ಹಾಕುವ 24-70 ಲೆನ್ಸ್ 695 ಗ್ರಾಂ, 70-200 ಲೆನ್ಸ್ 1,045 ಗ್ರಾಂ. ಒಟ್ಟು 2.4 ಕಿಲೋ. ಹೆಚ್ಚೂಕಡಿಮೆ ಅದೇ 24ರಿಂದ 200 ಮಿಲಿಮೀಟರ್ ವ್ಯಾಪ್ತಿಯನ್ನು ಆರ್‌ಎಕ್ಸ್100 7 ಕೊಡುವುದು 302 ಗ್ರಾಂನಲ್ಲಿ. ಬೆಳಿಗ್ಗೆ ಜ್ಞಾನಭಾರತಿ ಆವರಣದಲ್ಲಿ ನಡೆಯುತ್ತಾ ಮರ, ಹೂವು, ಜೇಡರ ಬಲೆ ಸೆರೆಹಿಡಿಯುವವರಿಗೆ ಈ ಎಂಟು ಪಟ್ಟಿನ ವ್ಯತ್ಯಾಸ ದೊಡ್ಡದು.

ಹಕ್ಕಿಯ ಫೋಟೊ ಬೇಕೆಂದರೆ ಮಾತು ಬೇರೆ. ಕೊಂಬೆಯ ತುದಿಯಲ್ಲಿ ಕೂತ ಮಿಂಚುಳ್ಳಿಗೆ 200 ಮಿಲಿಮೀಟರ್ ಏನೇನೂ ಸಾಲದು. ಸೋನಿಯ 200-600 ಲೆನ್ಸ್ ಒಂದೇ ಎರಡು ಕಿಲೋ ದಾಟುತ್ತದೆ, ಆ ಭಾರಕ್ಕೆ ಜೇಬಿನ ಉತ್ತರವಿಲ್ಲ.

ತಪ್ಪು ಕಲ್ಪನೆ 5: ಜೇಬಿನ ಕ್ಯಾಮೆರಾ ನಿಧಾನ, ಆಟದ ಸಾಮಾನು

ಸತ್ಯ: ಹದಿನೈದು ವರ್ಷ ಹಿಂದಿನ ಕ್ಯಾಮೆರಾ ನೋಡಿದವರ ಮಾತಿದು. 2019ರ ಆರ್‌ಎಕ್ಸ್100 7 ಸೆಕೆಂಡಿಗೆ 20 ಫೋಟೊ ತೆಗೆಯುತ್ತದೆ, ಓಡುವ ಮಗುವಿನ ಕಣ್ಣನ್ನು ಹುಡುಕಿ ಫೋಕಸ್ ಹಿಡಿಯುತ್ತದೆ.

ಒಂದು ವಿಷಯದಲ್ಲಂತೂ ಚಿಕ್ಕದೇ ಮೇಲು. ಫುಲ್‌ಫ್ರೇಮ್ ಮಿರರ್‌ಲೆಸ್‌ನ ಪರದೆ ಶಟರ್ ಫ್ಲ್ಯಾಶ್ ಜೊತೆ ಸಾಮಾನ್ಯವಾಗಿ ಸೆಕೆಂಡಿನ 200 ಅಥವಾ 250ನೇ ಒಂದು ಭಾಗಕ್ಕೆ ನಿಂತುಬಿಡುತ್ತದೆ. ಅದಕ್ಕಿಂತ ವೇಗ ಬೇಕೆಂದರೆ ಫ್ಲ್ಯಾಶಿನ ಶಕ್ತಿ ಬಿಟ್ಟುಕೊಡಬೇಕು. ಹಲವು ಉತ್ತಮ ಕಂಪ್ಯಾಕ್ಟ್‌ಗಳ ಶಟರ್ ಲೆನ್ಸಿನೊಳಗೇ ಎಲೆಗಳಂತೆ ತೆರೆದು ಮುಚ್ಚುತ್ತದೆ, ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಲ್ಲೂ ಫ್ಲ್ಯಾಶ್‌ಗೆ ಹೊಂದಿಕೊಳ್ಳುತ್ತದೆ. ನಡುಮಧ್ಯಾಹ್ನ ಮನೆ ಮುಂದಿನ ಚಪ್ಪರದ ಹೊರಗೆ ನಿಂತವರ ಮುಖದ ನೆರಳನ್ನು ಫ್ಲ್ಯಾಶ್‌ನಿಂದ ತುಂಬಲು ಇದು ಬಹಳ ಅನುಕೂಲ. ಸದ್ದೂ ಇಲ್ಲವೆನ್ನುವಷ್ಟು ಕಡಿಮೆ.

ಆಟದ ಸಾಮಾನು ಎಂಬ ಮಾತಿಗೆ ನೂರು ವರ್ಷದ ಇತಿಹಾಸವಿದೆ. 1925ರಲ್ಲಿ ಜರ್ಮನಿಯ ಲೈಪ್‌ಜಿಗ್ ಮೇಳದಲ್ಲಿ ಮೊದಲ ಲೈಕಾ ಬಂದಾಗ ಅದೂ ಜೇಬಿನ ಕ್ಯಾಮೆರಾನೇ. ಲೆನ್ಸ್ ಬದಲಿಸುವಂತಿರಲಿಲ್ಲ, ಒಳಗೆ ಮಡಿಸಿಡಬಹುದಿತ್ತು. ದೊಡ್ಡ ಪ್ಲೇಟು ಬಳಸುತ್ತಿದ್ದವರಿಗೆ ಅದರ 24×36 ಮಿಲಿಮೀಟರ್ ಫ್ರೇಮು ತೀರಾ ಪುಟ್ಟದಾಗಿ ಕಂಡಿತು. ಅದೇ ಅಳತೆ ಇಂದು ಫುಲ್‌ಫ್ರೇಮ್ ಎನಿಸಿಕೊಂಡಿದೆ. ಫ್ರಾನ್ಸಿನ ಆನ್ರಿ ಕಾರ್ಟಿಯೆ-ಬ್ರೆಸನ್ 1948ರಲ್ಲಿ ಗಾಂಧೀಜಿಯ ಅಂತ್ಯಯಾತ್ರೆಯನ್ನು ಸೆರೆಹಿಡಿದದ್ದು ಲೈಕಾದಿಂದ. ಬೀದಿಯ ಚಿತ್ರಗಳಿಗೆ ಹೆಸರಾದ ಜಪಾನಿನ ದೈದೋ ಮೊರಿಯಾಮಾ ರಿಕೋ ಜಿಆರ್ ಸರಣಿಯ ಕ್ಯಾಮೆರಾಗಳನ್ನು ಬಳಸಿದವರು. ಇಟಲಿಯ ಅಲೆಕ್ಸ್ ಮಯೋಲಿ ಈ ಶತಮಾನದ ಆರಂಭದಲ್ಲಿ ಒಲಿಂಪಸ್‌ನ ಸಾಮಾನ್ಯ ಡಿಜಿಟಲ್ ಕಂಪ್ಯಾಕ್ಟ್‌ಗಳನ್ನು ಹಿಡಿದು ಇರಾಕ್ ಯುದ್ಧದ ವರದಿ ಮಾಡಿದರು.

ತಪ್ಪು ಕಲ್ಪನೆ 6: ಲೆನ್ಸ್ ಬಿಚ್ಚದ ಕ್ಯಾಮೆರಾಗೆ ಧೂಳು ಸೇರದು

ಸತ್ಯ: ಸ್ವಿಚ್ ಒತ್ತಿದಾಗ ಮುಂದೆ ಬಂದು, ಆಫ್ ಮಾಡಿದಾಗ ಒಳಹೋಗುವ ಲೆನ್ಸು ಪ್ರತಿ ಬಾರಿಯೂ ಗಾಳಿ ಎಳೆದುಕೊಳ್ಳುತ್ತದೆ. ಜೇಬಿನ ನೂಲು, ಮೈಸೂರು ರಸ್ತೆಯ ಧೂಳು ಗಾಳಿಯ ಜೊತೆ ಒಳಸೇರುತ್ತವೆ. ಮಿರರ್‌ಲೆಸ್‌ನಲ್ಲಿ ಧೂಳು ಕೂತರೆ ಲೆನ್ಸ್ ಬಿಚ್ಚಿ ಊದಿ ತೆಗೆಯಬಹುದು. ಕಂಪ್ಯಾಕ್ಟ್‌ನಲ್ಲಿ ಕೂತರೆ ಇಡೀ ಕ್ಯಾಮೆರಾ ಬಿಚ್ಚಬೇಕು. ಸಣ್ಣ ಚೀಲದಲ್ಲಿಟ್ಟು ಜೇಬಿಗಿಳಿಸುವುದು ಒಳ್ಳೆಯದು.

ತಪ್ಪು ಕಲ್ಪನೆ 7: ವೃತ್ತಿಪರರು ಹೆಚ್ಚಿನ ಹಣ ಕೊಡುವುದು ಚಿತ್ರದ ಗುಣಮಟ್ಟಕ್ಕೆ ಮಾತ್ರ

ಸತ್ಯ: ಮಾಂಗಲ್ಯಧಾರಣೆ ಒಂದೇ ಸಲ ನಡೆಯುತ್ತದೆ, ಇನ್ನೊಮ್ಮೆ ಕಟ್ಟಿ ಎನ್ನುವಂತಿಲ್ಲ. ಆ ಕ್ಷಣದ ಫೋಟೊ ಇರುವ ಮೆಮೊರಿ ಕಾರ್ಡ್ ಕೆಟ್ಟರೆ ಆ ಮನೆಯವರಿಗೆ ಯಾವ ಉತ್ತರವೂ ಸಮಾಧಾನ ತರದು. ಎ7 4ರಂಥ ಕ್ಯಾಮೆರಾ ಒಂದೇ ಫೋಟೊವನ್ನು ಒಟ್ಟಿಗೇ ಎರಡು ಕಾರ್ಡ್‌ಗಳಿಗೆ ಬರೆಯುತ್ತದೆ. ಜೇಬಿನ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಒಂದೇ ಕಾರ್ಡಿಗೆ ಜಾಗ. ಕಂಪನಿಗಳ ಲೆಕ್ಕದಲ್ಲೇ ಒಂದು ಬ್ಯಾಟರಿಗೆ ರಿಕೋ ಜಿಆರ್ 3 ಸುಮಾರು 200 ಫೋಟೊ, ಆರ್‌ಎಕ್ಸ್100 7 ಸುಮಾರು 260, ಎ7 4 ಐನೂರಕ್ಕೂ ಹೆಚ್ಚು. ಪುಟ್ಟ ಬಾಡಿಯಲ್ಲಿ ಬಿಸಿ ಹೊರಹೋಗಲು ಜಾಗ ಕಡಿಮೆಯಾದ್ದರಿಂದ ದೀರ್ಘ 4ಕೆ ವಿಡಿಯೊದಲ್ಲಿ ಅದು ಕಾದು ನಿಂತುಬಿಡಬಹುದು. ಬೆಳಗಿನ ಜಾವದ ಮುಹೂರ್ತದಿಂದ ರಾತ್ರಿಯ ಆರತಕ್ಷತೆವರೆಗೆ ದುಡಿಯುವವರು ದೊಡ್ಡ ಕ್ಯಾಮೆರಾಗೆ ಹಣ ಕೊಡುವುದು ಮುಖ್ಯವಾಗಿ ಈ ಭರವಸೆಗಾಗಿ.

ತಪ್ಪು ಕಲ್ಪನೆ 8: ಮೊಬೈಲ್ ಬಂದಮೇಲೆ ಕಂಪ್ಯಾಕ್ಟ್ ಸತ್ತುಹೋಯಿತು

ಸತ್ಯ: ಸತ್ತದ್ದು ಅಗ್ಗದ, ಕಡಲೆಬೇಳೆ ಸೆನ್ಸರಿನ ಕಂಪ್ಯಾಕ್ಟ್. 2010ರಲ್ಲಿ ಜಪಾನಿನ ಕಂಪನಿಗಳು ಎಲ್ಲ ಬಗೆ ಸೇರಿ ಸುಮಾರು 12 ಕೋಟಿ ಡಿಜಿಟಲ್ ಕ್ಯಾಮೆರಾ ಕಳಿಸಿದ್ದವು, ಅವುಗಳಲ್ಲಿ ಬಹುಪಾಲು ಇಂಥವೇ. 2023ರ ಹೊತ್ತಿಗೆ ಒಟ್ಟು ಲೆಕ್ಕ ಒಂದು ಕೋಟಿಗಿಂತ ಕೆಳಗಿಳಿದಿತ್ತು. ದೊಡ್ಡ ಸೆನ್ಸರಿನ ಜೇಬಿನ ಕ್ಯಾಮೆರಾಗಳ ಕಥೆ ಬೇರೆ: 2024ರಲ್ಲಿ ಬಂದ ಫ್ಯೂಜಿಫಿಲ್ಮ್ ಎಕ್ಸ್100 6ಕ್ಕೆ ಹಣ ಹಿಡಿದು ನಿಂತವರೂ ತಿಂಗಳುಗಟ್ಟಲೆ ಕಾಯಬೇಕಾಯಿತು.

ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ಮಬ್ಬು ಬೆಳಕಿನಲ್ಲಿ ಚಲಿಸುವವರನ್ನು ತೆಗೆಯಬೇಕೇ? ದೂರದ ಹಕ್ಕಿ ಬೇಕೇ? ಹಿನ್ನೆಲೆ ಪೂರ್ತಿ ಮಸುಕಾಗಬೇಕೇ? ಇನ್ನೊಮ್ಮೆ ತೆಗೆಯಲಾಗದ ಕೆಲಸಕ್ಕೆ ಹಣ ಪಡೆಯುತ್ತೀರಾ? ಒಂದಕ್ಕಾದರೂ ಹೌದು ಎಂದರೆ ಮಿರರ್‌ಲೆಸ್, ಅದರಲ್ಲೂ ಬಾಡಿಗಿಂತ ಮೊದಲು ಲೆನ್ಸಿಗೆ ಹಣ. ನಾಲ್ಕಕ್ಕೂ ಇಲ್ಲ ಎಂದರೆ ಒಂದಿಂಚು ಅಥವಾ ಎಪಿಎಸ್-ಸಿ ಸೆನ್ಸರಿನ ಕಂಪ್ಯಾಕ್ಟ್ ಸಾಕು. ಅನುಮಾನವಿದ್ದವರಿಗೆ ಬೆಂಗಳೂರಿನಲ್ಲಿ ಎರಡು ಬಗೆಯವೂ ದಿನದ ಬಾಡಿಗೆಗೆ ಸಿಗುತ್ತವೆ. ಬಂಧುಗಳ ಮದುವೆಯೊಂದಕ್ಕೆ ಎರಡನ್ನೂ ಒಯ್ದು, ಒಂದೇ ಜಾಗದಿಂದ ಒಂದೇ ದೃಶ್ಯ ತೆಗೆದು, ಎರಡನ್ನೂ 12×18 ಅಳತೆಯಲ್ಲಿ ಮುದ್ರಿಸಿ ಅಕ್ಕಪಕ್ಕ ಇಟ್ಟು ನೋಡಿದರೆ, ಎರಡು ಲಕ್ಷ ಖರ್ಚು ಮಾಡಬೇಕೋ ಬೇಡವೋ ಎಂಬುದು ಕೆಲವು ಸಾವಿರದಲ್ಲಿ ತೀರ್ಮಾನವಾಗುತ್ತದೆ.