ನಿಮಗಿದು ಗೊತ್ತೆ? ಸ್ಕೋಪಿ ನಾರ್ಮಲ್, ಹೊಟ್ಟೆ ಮಾತ್ರ ಅಲ್ಲ!

ಎಂಡೋಸ್ಕೋಪಿ, ಸ್ಕ್ಯಾನಿಂಗ್ ಎಲ್ಲ ನಾರ್ಮಲ್. ಆದರೂ ಅರ್ಧ ಮುದ್ದೆಗೇ ಹೊಟ್ಟೆ ಬಿಗಿಯುತ್ತದೆ, ಎದೆಗುಂಡಿಯ ಕೆಳಗೆ ಉರಿ. ನಾವು ಇದಕ್ಕೆಲ್ಲ ‘ಗ್ಯಾಸ್ಟ್ರಿಕ್’ ಅಂದುಬಿಡುತ್ತೇವೆ. ವೈದ್ಯರು ‘ಫಂಕ್ಷನಲ್ ಡಿಸ್‌ಪೆಪ್ಸಿಯಾ’ ಎನ್ನುತ್ತಾರೆ. ಹುಣ್ಣಿಲ್ಲ, ಗಡ್ಡೆಯಿಲ್ಲ; ಜಠರದ ಚಲನೆ, ನರಗಳ ಸಂವೇದನೆ ಹದ ತಪ್ಪಿರುತ್ತದೆ. ನೋವು ನಿಜವೇ. ಇಂಥ ಕಾಯಿಲೆ ಗುರುತಿಸಲು ವೈದ್ಯರು ಬಳಸುವ 2016ರ ರೋಮ್–4 ಮಾನದಂಡದ ಪ್ರಕಾರ, ತೊಂದರೆ ಶುರುವಾಗಿ 6 ತಿಂಗಳಾದರೂ ಆಗಿದ್ದು, ಕಳೆದ 3 ತಿಂಗಳಿಂದ ಕಾಡುತ್ತಿರಬೇಕು.

ಇಂಥದೇ ಹೊಟ್ಟೆ ತೊಂದರೆ ಇರುವ ಗೌರಿಬಿದನೂರು, ನಗರಗೆರೆ ಸೀಮೆಯವರನ್ನು ಇನ್ನೊಂದು ಪ್ರಶ್ನೆ ಕೇಳಲೇಬೇಕು: ಕುಡಿಯುವುದು ಯಾವ ನೀರು? ಚಿಕ್ಕಬಳ್ಳಾಪುರ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ ಮಿತಿ ದಾಟಿದೆ. ಹಲ್ಲಿನ ಕಂದು ಕಲೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಹೊಟ್ಟೆಯೊಳಗಿನದು ಬೀಳುವುದಿಲ್ಲ. ಫ್ಲೋರೈಡ್ ಜಠರದ ಆಮ್ಲದೊಡನೆ ಸೇರಿ ಹೈಡ್ರೋಫ್ಲೋರಿಕ್ ಆಮ್ಲವಾಗಿ ಒಳಪದರವನ್ನು ಕೆಣಕುತ್ತದೆ. ಸಂಶೋಧಕಿ ಎ.ಕೆ. ಸುಶೀಲಾ ಮತ್ತು ಸಂಗಡಿಗರು, ಫ್ಲೋರೈಡ್ ಅತಿಯಾಗಿ ಬರುವ ಫ್ಲೋರೋಸಿಸ್ ರೋಗಿಗಳ ಒಳಪದರವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಅದರ ಮೇಲಿನ ಸೂಕ್ಷ್ಮ ಎಳೆಗಳೇ ನಶಿಸಿದ್ದವು.

ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಸಾಂದ್ರವಾಗುತ್ತದೆ. ಆರ್‌ಒ ನೀರು ಅಥವಾ ಶುದ್ಧವಾಗಿ ಹಿಡಿದ ಮಳೆನೀರು ವಾಸಿ. ತೂಕ ಇಳಿಯುತ್ತಿದ್ದರೆ, ಮಲ ಕಪ್ಪಗಿದ್ದರೆ, ನುಂಗಲು ಕಷ್ಟವಾದರೆ ಮಾತ್ರೆ ನುಂಗಿ ದಿನ ದೂಡದೆ ವೈದ್ಯರನ್ನು ಕಾಣಿ.